ಕಾರವಾರದಿಂದ ಕಲಬುರಗಿಗೆ: ಒಂದು ಮನೆ ಸಾಗಿಸಿದ ಲೆಕ್ಕ

ಅಕ್ಕನ ಮನೆ ಸಾಗಿಸಲು 60,000 ರೂಪಾಯಿ ಬೇಕಾಗಬಹುದು ಎಂದು ಅಂದಾಜು ಮಾಡಿದ್ದೆವು. ಎಲ್ಲ ಮುಗಿದ ಮೇಲೆ ಕೂಡಿಸಿ ಕಳೆದು ನೋಡಿದರೆ ಆದದ್ದು 56,000. ಅಂದಾಜು ತಪ್ಪಲಿಲ್ಲ. ಆದರೂ ಮೇ ತಿಂಗಳ ಮೂರನೇ ವಾರ ಅಕ್ಕ ಎರಡು ಬಳೆ ಅಡವಿಟ್ಟು 80,000 ತಂದಳು. ಲೆಕ್ಕ ಸರಿಯಿದ್ದೂ ಕೈ ಖಾಲಿಯಾದದ್ದು ಹೇಗೆ ಎಂದು ಇಲ್ಲಿ ಬರೆದಿಡುತ್ತಿದ್ದೇನೆ. ಖರ್ಚಿನ ವಹಿ ನನ್ನ ಕೈಯಲ್ಲೇ ಇತ್ತು. ಹಾಗಾಗಿ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಮನೆಯಲ್ಲಿ ನಾಲ್ಕು ಜನ. ಅಕ್ಕ, ಭಾವ, ಒಂಬತ್ತನೇ ಕ್ಲಾಸಿಗೆ ಹೋಗಬೇಕಿದ್ದ ಮಗ, ಮತ್ತೆ ಭಾವನ ತಾಯಿ. ಅವರನ್ನು ನಾವೆಲ್ಲ ಅಜ್ಜಿ ಎಂದೇ ಕರೆಯುವುದು. ಕಾರವಾರದ ಕಾಜುಬಾಗದಲ್ಲಿ ಒಂದು ಗಲ್ಲಿಯೊಳಗೆ ಬಾಡಿಗೆ ಮನೆ, ತಿಂಗಳಿಗೆ 9,000. ಒಂಬತ್ತು ವರ್ಷ ಅಲ್ಲೇ ಇದ್ದರು. ಭಾವ ಔಷಧಿ ಕಂಪನಿಯೊಂದರ ಮಾರಾಟ ವಿಭಾಗದಲ್ಲಿದ್ದಾರೆ. 2025ರ ಮೇ 12, ಸೋಮವಾರ, ಕಲಬುರಗಿಗೆ ವರ್ಗವಾದ ಪತ್ರ ಬಂತು. ಜೂನ್ 2ಕ್ಕೆ ಅಲ್ಲಿ ಹಾಜರಾಗಬೇಕು. ಕೈಯಲ್ಲಿದ್ದದ್ದು ಮೂರು ವಾರ.

ದಾರಿ ಸಣ್ಣದಲ್ಲ. ಅಂಕೋಲಾದಲ್ಲಿ ಸಮುದ್ರ ಬಿಟ್ಟು ಒಳಗೆ ತಿರುಗಬೇಕು. ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ, ಕಲಘಟಗಿ, ಹುಬ್ಬಳ್ಳಿ. ಅಲ್ಲಿಂದ ನವಲಗುಂದ, ನರಗುಂದ, ವಿಜಯಪುರ, ಸಿಂದಗಿ, ಜೇವರ್ಗಿ. ಐನೂರು ಕಿಲೋಮೀಟರಿಗೂ ಜಾಸ್ತಿ. ಕಾರವಾರದಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ. ಕಲಬುರಗಿಯಲ್ಲಿ ಬೇಸಿಗೆ ಅಂದರೆ 40 ಡಿಗ್ರಿ ದಾಟುವುದು ಮಾಮೂಲು. ಮನುಷ್ಯರಿಗೆ ಒಂದೇ ರಾಜ್ಯ. ಮರದ ಸಾಮಾನಿಗೆ ಮಾತ್ರ ಅದು ಬೇರೆ ದೇಶ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಪತ್ರ ಬಂದ ರಾತ್ರಿಯೇ ಊಟದ ಮೇಜಿನ ಮೇಲೆ ಲೆಕ್ಕಕ್ಕೆ ಕೂತೆವು. ಲಾರಿಗೆ 35,000, ಮನೆ ನೋಡಿ ಬರಲು 5,000, ದಲ್ಲಾಳಿಗೆ 10,000, ದಾರಿ ಖರ್ಚು 5,000, ಚಿಲ್ಲರೆ 5,000. ಒಟ್ಟು 60,000. ಹೊಸ ಮನೆಯ ಡಿಪಾಸಿಟ್ ಬರೆಯಲೇ ಇಲ್ಲ, ಯಾಕೆಂದರೆ ಕಾರವಾರದ ಡಿಪಾಸಿಟ್ 40,000 ವಾಪಸ್ ಬರುತ್ತದಲ್ಲ. ಶಾಲೆಯ ಫೀ ಬರೆಯಲಿಲ್ಲ, ಅದು ಎಲ್ಲಿದ್ದರೂ ಕೊಡಬೇಕಾದದ್ದೇ. ಲಾರಿ ಬಾಡಿಗೆಯಲ್ಲಿ 40,000 ತನಕ ಕಂಪನಿಯೇ ಕೊಡುತ್ತದೆ ಎಂದು ಭಾವ ಹೇಳಿದಾಗ ಎಲ್ಲರೂ ಹಗುರಾದೆವು. ಈ ಮಾತುಗಳಲ್ಲಿ ಒಂದೂ ಸುಳ್ಳಲ್ಲ. ಆದರೆ ಯಾವ ಹಣ ಯಾವ ತಾರೀಕಿಗೆ ಹೋಗುತ್ತದೆ, ಯಾವುದು ಯಾವ ತಾರೀಕಿಗೆ ಬರುತ್ತದೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮೇ 14ಕ್ಕೆ ಮನೆ ಯಜಮಾನರಿಗೆ ನೋಟಿಸ್ ಕೊಟ್ಟರು. ಕರಾರಿನಲ್ಲಿ ಒಂದು ತಿಂಗಳ ನೋಟಿಸ್ ಎಂದಿತ್ತು. ಅಂದರೆ ಮೇ ಕೊನೆಗೆ ಮನೆ ಬಿಟ್ಟರೂ ಜೂನ್ 14ರ ತನಕ ಬಾಡಿಗೆ ಕಟ್ಟಬೇಕು. ಎರಡು ವಾರ ಎರಡು ಊರಿನಲ್ಲಿ ಬಾಡಿಗೆ. ಮೊದಲ ತೂತು ಅದು, 4,500 ರೂಪಾಯಿಯದು.

ಮೇ 16ರ ಶುಕ್ರವಾರ ಅಕ್ಕ, ಭಾವ ಬಸ್ಸು ಹತ್ತಿ ಕಲಬುರಗಿಗೆ ಮನೆ ನೋಡಲು ಹೋದರು. ಲಾಡ್ಜು, ಆಟೋ, ಊಟ ಎಲ್ಲ ಸೇರಿ 6,200. ವಿಡಿಯೊ ಕಾಲಿನಲ್ಲೇ ನೋಡಬಹುದಿತ್ತು ಎಂದು ಭಾವ ಗೊಣಗಿದರು. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಅತಿ ಲಾಭದ ಖರ್ಚು ಇದೇ. ಕರಾವಳಿಯವರು ಮನೆ ನೋಡುವಾಗ ಕೇಳುವುದು ಎರಡೇ: ಸೋರುತ್ತದಾ, ಗಾಳಿ ಬರುತ್ತದಾ. ಕಲಬುರಗಿಯಲ್ಲಿ ಕೇಳಬೇಕಾದದ್ದು ಬೇರೆ. ನಳದ ನೀರು ಎಷ್ಟು ದಿನಕ್ಕೊಮ್ಮೆ? ತೊಟ್ಟಿ ಎಷ್ಟು ದೊಡ್ಡದು? ಮೇಲೆ ಇನ್ನೊಂದು ಮಹಡಿ ಇದೆಯಾ, ಅಥವಾ ಬಿಸಿಲು ನೇರವಾಗಿ ತಾರಸಿಗೆ ಬಡಿಯುತ್ತದಾ? ಮೇಲಿನ ಮಹಡಿಯ ಮನೆ 9,000ಕ್ಕೆ ಸಿಗುತ್ತಿತ್ತು. ಮಧ್ಯಾಹ್ನ ಎರಡು ಗಂಟೆಗೆ ಅದರ ಗೋಡೆ ಮುಟ್ಟಿ ನೋಡಿದ ಅಕ್ಕ ಕೆಳಗಿಳಿದಳು. ಜೇವರ್ಗಿ ರಸ್ತೆಯ ಕಡೆ, ಕೆಳಮಹಡಿ, ಶಹಾಬಾದ್ ಕಲ್ಲಿನ ನೆಲದ ಮನೆ ಹಿಡಿದರು. ಬಾಡಿಗೆ 11,000, ಡಿಪಾಸಿಟ್ 50,000, ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ. ಅಲ್ಲೇ ನಿಂತು 72,000 ಕೊಟ್ಟು ಬಂದರು.

ಶಾಲೆಯನ್ನೂ ಅದೇ ಶನಿವಾರ ನೋಡಿದರು. ಫೀಯ ಮೊದಲ ಕಂತು 38,000. ಕಾರವಾರದ ಶಾಲೆಯಲ್ಲಿ ಟಿಸಿ ಸುಲಭವಾಗಿ ಸಿಕ್ಕಿತು. ಹುಡುಗನ ಎಸ್‌ಎಟಿಎಸ್ ಸಂಖ್ಯೆ, ಅಂದರೆ ಶಿಕ್ಷಣ ಇಲಾಖೆಯ ವಿದ್ಯಾರ್ಥಿ ಸಂಖ್ಯೆ, ಬರೆದಿಟ್ಟುಕೊಂಡಿದ್ದರಿಂದ ಹೊಸ ಶಾಲೆಯಲ್ಲೂ ತೊಂದರೆಯಾಗಲಿಲ್ಲ.

ಆ ಹೊತ್ತಿಗೆ ಉಳಿತಾಯದಲ್ಲಿದ್ದದ್ದು 1,10,000 ಚಿಲ್ಲರೆ. ಮನೆ, ಶಾಲೆ, ಪ್ರಯಾಣಕ್ಕೇ 1,16,200 ಬೇಕಾಯಿತು. ಲಾರಿಯ ಮಾತು ಇನ್ನೂ ಶುರುವಾಗಿರಲಿಲ್ಲ. ಬಳೆಗಳು ಹೋದದ್ದು ಆಗ.

ಲಾರಿಗೆ ಮೂರು ಕಡೆ ದರ ಕೇಳಿದೆವು. ಮೊದಲನೆಯದು ಫೋನಿನಲ್ಲೇ ಸಿಕ್ಕಿತು: 29,500, 'ಎಲ್ಲ ಸೇರಿ'. ಮನೆಗೆ ಬಂದು ಸಾಮಾನು ನೋಡಲಿಲ್ಲ. 'ಎಲ್ಲ ಸೇರಿ' ಎಂಬುದನ್ನು ಬರೆದು ಕೊಡಿ ಎಂದಾಗ ವಿಮೆ ಬೇರೆ ಎಂದರು. ಸಾಮಾನಿನ ಬೆಲೆಯ ಮೇಲೆ ಶೇ. 3. ಭಾವ ಮೂರು ಲಕ್ಷ ಎಂದು ಹೇಳಿಬಿಟ್ಟಿದ್ದರು, ಅಲ್ಲಿಗೆ ಮತ್ತೆ 9,000. ಸರಿ, ವಿಮಾ ಕಂಪನಿಯ ಪಾಲಿಸಿ ಕಾಗದ ನಮ್ಮ ಹೆಸರಿನಲ್ಲಿ ಕೊಡ್ತೀರಾ ಎಂದು ಕೇಳಿದೆ. ಆಮೇಲೆ ಆ ಕಡೆಯಿಂದ ಫೋನೇ ಬರಲಿಲ್ಲ. ವಿಮೆ ಎಂದು ಹಣ ತೆಗೆದುಕೊಂಡು ತಮ್ಮದೇ ಒಂದು ಚೀಟಿ ಕೊಡುವವರಿದ್ದಾರೆ. ಪಾಲಿಸಿ ಸಂಖ್ಯೆ ಇಲ್ಲದ ಚೀಟಿ ಬರೀ ಚೀಟಿ ಅಷ್ಟೇ.

ಎರಡನೆಯದು ಭಾವನ ಸ್ನೇಹಿತರೊಬ್ಬರು ಹೇಳಿದ ರಿಟರ್ನ್ ಗಾಡಿ. ಕಲಬುರಗಿ ಹತ್ತಿರದ ಸೇಡಂ, ವಾಡಿ ಕಡೆಯಿಂದ ಸಿಮೆಂಟ್ ತರುವ ಲಾರಿ ಇಳಿಸಿ ಖಾಲಿ ವಾಪಸ್ ಹೋಗುತ್ತದೆ. ಖಾಲಿ ಹೋಗುವ ಬದಲು ಎಷ್ಟು ಸಿಕ್ಕಿದರೂ ಲಾಭ ತಾನೇ? ಚಾಲಕ ಹೇಳಿದ್ದು 17,000. ಡಬ್ಬಿ, ಗೋಣಿ, ಹಗ್ಗ, ಹಮಾಲಿ ನಮ್ಮದೇ, ಅದಕ್ಕೊಂದು 9,000. ಒಟ್ಟು 26,000. ಭಾವನ ಮನಸ್ಸು ಪೂರ್ತಿ ಅತ್ತ ಕಡೆಯೇ ಇತ್ತು.

ಮೂರನೆಯದು ಹುಬ್ಬಳ್ಳಿಯ ಪ್ಯಾಕರ್ಸ್‌ನವರು. ಮನೆಗೆ ಬಂದು ಟೇಪ್ ಹಿಡಿದು ಅಳೆದರು. ಮುಚ್ಚಿದ ಗಾಡಿ, ಪ್ಯಾಕಿಂಗ್, ಏರಿಸಿ ಇಳಿಸುವುದು ಸೇರಿ 36,000. ಅದರ ಮೇಲೆ ಶೇ. 18 ಜಿಎಸ್‌ಟಿ 6,480. ಒಟ್ಟು 42,480.

ಇಲ್ಲಿ ಒಂದು ದಿನ ಜಗಳವೇ ಆಯಿತು. ಸಿಮೆಂಟ್ ಲಾರಿ 16,000 ಅಗ್ಗ. ಆದರೆ ಅವನು ಬಿಲ್ ಕೊಡುವುದಿಲ್ಲ, ಕಂಪನಿ ಜಿಎಸ್‌ಟಿ ಬಿಲ್ ಇಲ್ಲದೆ ಒಂದು ರೂಪಾಯಿಯೂ ಕೊಡುವುದಿಲ್ಲ. ಹಾಗಾಗಿ 26,000 ಪೂರ್ತಿ ನಮ್ಮ ಜೇಬಿನದು. ಹುಬ್ಬಳ್ಳಿಯವರದರಲ್ಲಿ ನಮ್ಮ ಪಾಲು ಬರೀ 2,480. ಆದರೆ ಆ 40,000 ಬರುವುದು ಬಿಲ್ ಪಾಸಾದ ಮೇಲೆ, ಎರಡೋ ಮೂರೋ ತಿಂಗಳಿಗೆ. ಮೇ ತಿಂಗಳಿನ ಕಣ್ಣಿನಿಂದ ನೋಡಿದರೆ ಸಿಮೆಂಟ್ ಲಾರಿ ಅಗ್ಗ, ಆಗಸ್ಟ್ ತಿಂಗಳಿನ ಕಣ್ಣಿನಿಂದ ನೋಡಿದರೆ ಹುಬ್ಬಳ್ಳಿಯದು ಅಗ್ಗ. ಅಷ್ಟರಲ್ಲಿ ಬಳೆ ಅಡವಿಟ್ಟಾಗಿತ್ತು, ಕೈಯಲ್ಲಿ ಹಣ ಇತ್ತು. ಹುಬ್ಬಳ್ಳಿಗೆ ಹೂಂ ಎಂದೆವು.

ಟೇಪ್ ಹಿಡಿದು ಬಂದವರಿಂದ ನಾನು ಕಲಿತದ್ದು ಒಂದಿದೆ. ಮನೆ ಸಾಮಾನಿಗೆ ಲಾರಿಯವರು ನೋಡುವುದು ಜಾಗ, ತೂಕ ಆಮೇಲೆ. 14 ಅಡಿ ಗಾಡಿ ಎಂದರೆ ಅಗಲ 6, ಎತ್ತರ 6 ಎಂದು ಹಿಡಿದರೆ 504 ಘನ ಅಡಿ. ನಮ್ಮ ಸಾಮಾನು 560 ಬಂತು. ಸಂದುಗೊಂದು ಬಿಟ್ಟು ತುಂಬಿದರೆ 14 ಅಡಿಯಲ್ಲಿ ಹಿಡಿಸುವುದು 430ರ ಆಸುಪಾಸು. ಅಷ್ಟರಲ್ಲಿ ಹಿಡಿಸದಿದ್ದರೆ 17 ಅಡಿ ಗಾಡಿ ಬೇಕು, ಅದಕ್ಕೆ ತೆರಿಗೆ ಸೇರಿ 9,440 ಜಾಸ್ತಿ. 14 ಅಡಿಗೇ ಇಳಿಸಬೇಕಾದರೆ 130 ಘನ ಅಡಿ ಸಾಮಾನು ಮನೆಯಿಂದ ಹೊರಗೆ ಹೋಗಬೇಕು.

42,480 ಅನ್ನು 504ರಿಂದ ಭಾಗಿಸಿದೆ. ಒಂದು ಘನ ಅಡಿಗೆ 84 ರೂಪಾಯಿ. ಅದನ್ನು ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಪ್ಲೈವುಡ್ ಬೀರು 45 ಘನ ಅಡಿ. ಅದನ್ನು ಒಯ್ಯಲು 3,800 ಹತ್ತಿರ. ಕಾರವಾರದ ತೇವಕ್ಕೆ ಅದರ ಬಾಗಿಲು ಉಬ್ಬಿ ಮೂರು ವರ್ಷವಾಗಿತ್ತು. 1,500ಕ್ಕೆ ಕೊಟ್ಟೆವು. ಸೋಫಾ 3,500ಕ್ಕೆ, ಹಳೆ ವಾಷಿಂಗ್ ಮೆಷಿನ್ 2,800ಕ್ಕೆ, ಓದುವ ಮೇಜು 1,500ಕ್ಕೆ, ಗುಜರಿ 2,000ಕ್ಕೆ. ಒಟ್ಟು 11,300 ಬಂತು, ಗಾಡಿಯೂ 14 ಅಡಿಗೆ ಇಳಿಯಿತು. ವಾಷಿಂಗ್ ಮೆಷಿನನ್ನು ದೀಪಾವಳಿಗೆ ಹೊಸದು ಕೊಂಡರು. ಅದನ್ನು ನಾನು ವಹಿಗೆ ಸೇರಿಸಿಲ್ಲ. ಸೇರಿಸಬೇಕಿತ್ತೇನೋ.

ಈ 84ರ ಲೆಕ್ಕದಲ್ಲಿ ಒಂದು ಮೋಸ ಇದೆ, ಅದನ್ನೂ ಹೇಳಬೇಕು. ಗಾಡಿ 14 ಅಡಿಗೆ ಇಳಿದ ಮೇಲೆ ಉಳಿದ ಜಾಗ ಪುಕ್ಕಟೆ. ಆಮೇಲೂ ಬಕೆಟ್, ಮಣೆ, ಹಳೆ ಸ್ಟೂಲು ಎಲ್ಲ ಬಿಸಾಡಿಸಿದೆ ನಾನು. ಕಲಬುರಗಿಯಲ್ಲಿ ಮೊದಲ ವಾರವೇ ಬಕೆಟ್ ಕೊಂಡರು. ಅಕ್ಕ ಅದನ್ನು ಇನ್ನೂ ಎತ್ತಿ ಆಡುತ್ತಾಳೆ.

ಅಜ್ಜಿ ನನ್ನ ಚೀಟಿಗೆ ಸೊಪ್ಪು ಹಾಕಲಿಲ್ಲ. ಅರವತ್ತು ತೆಂಗಿನಕಾಯಿ, ಒಂದು ಚೀಲ ಉಕಡೆ (ಕುಚ್ಚಲು) ಅಕ್ಕಿ, ರುಬ್ಬುವ ಕಲ್ಲು, ಎರಡು ಡಬ್ಬಿ ಒಣ ಸಿಗಡಿ. ಕಲಬುರಗಿಯಲ್ಲಿ ಕಾಯಿ ಸಿಗಲ್ವಾ ಎಂದು ಭಾವ ಕೇಳಿದರು. 'ಸಿಗ್ತದೆ. ಅದೂ ಒಂದು ಕಾಯಿಯಾ?' ಎಂದರು ಅಜ್ಜಿ. ಒಣ ಸಿಗಡಿಯ ವಿಷಯದಲ್ಲಂತೂ ಅವರ ಹಟದಲ್ಲಿ ಹುರುಳಿತ್ತು. ಜೂನ್ 1ರಿಂದ ಎರಡು ತಿಂಗಳು ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಕರಾವಳಿಯಲ್ಲಿ ಮಳೆಗಾಲಕ್ಕೆ ಒಣ ಮೀನು ಕೂಡಿಡುವುದೇ ಮೇ ತಿಂಗಳಲ್ಲಿ. ಬೇರೆಯವರ ಸಾಮಾನಿನ ಜೊತೆ ಹಂಚಿಕೊಂಡ ಲಾರಿಯಾಗಿದ್ದರೆ ಆ ಸಿಗಡಿ ಡಬ್ಬಿ ಹತ್ತುತ್ತಲೇ ಇರಲಿಲ್ಲ. ಪೂರ್ತಿ ಗಾಡಿ ನಮ್ಮದಾದ್ದರಿಂದ ಹತ್ತಿತು, ಕಾಯಿಗಳೂ ಹತ್ತಿದವು.

ಇನ್ನು ದಿನ. ಹುಬ್ಬಳ್ಳಿಯವರು ಮೇ 27ಕ್ಕಾದರೆ 2,000 ಕಡಿಮೆ ಮಾಡುತ್ತೇವೆ ಎಂದಿದ್ದರು. ಪಂಚಾಂಗ ನೋಡಿದರೆ ಅವತ್ತು ಅಮಾವಾಸ್ಯೆ, ಅದರ ಮೇಲೆ ಮಂಗಳವಾರ. ಯಾರೂ ಮನೆ ಬಿಡದ ದಿನ ಗಾಡಿ ಖಾಲಿ ಇರುತ್ತದೆ, ಅದಕ್ಕೇ ಅಗ್ಗ. ಅಮಾವಾಸ್ಯೆ ಬೆಳಿಗ್ಗೆ ಎಂಟೂವರೆಗೇ ಮುಗಿಯುತ್ತದೆ ಎಂದು ಭಾವ ವಾದಿಸಿದರು. ಮಂಗಳವಾರ ಎಷ್ಟು ಗಂಟೆಗೆ ಮುಗಿಯುತ್ತದೆ ಎಂದು ಅಜ್ಜಿ ಕೇಳಿದರು. ಬುಧವಾರ 28 ಎಂದು ನಿಶ್ಚಯವಾಯಿತು. ಆ 2,000 ಮತ್ತು ಅದರ ಮೇಲಿನ ತೆರಿಗೆ 360ರ ಮುಂದೆ ನಾನು ವಹಿಯಲ್ಲಿ 'ಅಜ್ಜಿಯ ನೆಮ್ಮದಿ' ಎಂದು ಬರೆದೆ. ಜಾಸ್ತಿ ಅನಿಸಲಿಲ್ಲ.

ಮಳೆ ಜೂನ್ ಮೊದಲ ವಾರ ಬರುತ್ತದೆ, ಅಷ್ಟರೊಳಗೆ ನಾವು ಘಟ್ಟ ಹತ್ತಿರುತ್ತೇವೆ ಎಂಬುದು ನಮ್ಮ ಇಡೀ ಯೋಜನೆಯ ಬುನಾದಿ. 2025ರಲ್ಲಿ ಮುಂಗಾರು ಕೇರಳಕ್ಕೆ ಬಂದದ್ದು ಮೇ 24ಕ್ಕೆ. ಮಾಮೂಲಿ ದಿನಕ್ಕಿಂತ ಎಂಟು ದಿನ ಮೊದಲು. 2009ರ ನಂತರ ಅಷ್ಟು ಬೇಗ ಬಂದೇ ಇರಲಿಲ್ಲ. ಕಾರವಾರದಲ್ಲಿ ರೆಡ್ ಅಲರ್ಟ್, ಗಲ್ಲಿಯಲ್ಲಿ ಮೊಣಕಾಲಿನ ಕೆಳಗಿನ ತನಕ ನೀರು. ಡಬ್ಬಿಗಳು ತುಂಬುವ ಮೊದಲೇ ಮೆತ್ತಗಾದವು. ಸಿಮೆಂಟ್ ಲಾರಿಗೆ ಮೇಲೆ ತಾಡಪಾಲು ಮಾತ್ರ ಎಂಬುದನ್ನು ನೆನಪಿಸಿಕೊಂಡು ಭಾವ ಒಂದು ಮಾತೂ ಆಡಲಿಲ್ಲ.

2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದದ್ದನ್ನು ಈ ಕಡೆಯವರು ಯಾರೂ ಮರೆತಿಲ್ಲ. ಶಿರೂರು ಅಂಕೋಲಾದಿಂದ ಆಚೆ, ನಮ್ಮ ದಾರಿಯಲ್ಲಿ ಬರುವುದಿಲ್ಲ. ಆದರೂ ಘಟ್ಟ ಮುಚ್ಚಿದರೆ ಗಾಡಿ ನಿಂತ ದಿನಕ್ಕೆ ಯಾರು ಕೊಡಬೇಕು ಎಂದು ಮೊದಲೇ ಕೇಳಿ, ಮೊದಲ ದಿನ ಪುಕ್ಕಟೆ, ಆಮೇಲೆ ದಿನಕ್ಕೆ 2,000 ಎಂದು ಬರೆಸಿಕೊಂಡಿದ್ದೆ. ಪುಣ್ಯಕ್ಕೆ ಅದು ಬೇಕಾಗಲಿಲ್ಲ. ಬೇಕಾದದ್ದು ಟಾಟಾ ಏಸ್. ಹುಬ್ಬಳ್ಳಿಯ ಗಾಡಿ ಗಲ್ಲಿಯ ಬಾಯಿಗೆ ಬಂದು ನಿಂತಿತು. ಒಳಗೆ ಬರಲು ಜಾಗವಿಲ್ಲ. ಒಂಬತ್ತು ವರ್ಷ ಆ ಗಲ್ಲಿಯಲ್ಲಿ ಓಡಾಡಿದವರಿಗೆ ಒಬ್ಬರಿಗೂ ಅದು ಹೊಳೆದಿರಲಿಲ್ಲ. ಏಸ್ ಮೂರು ಸಲ ಓಡಾಡಿತು, 1,800.

ಕಾಗದಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ (ಸರಕು ಸಾಗಣೆಯ ಜಿಎಸ್‌ಟಿ ಪತ್ರ) ಬೇಕಿಲ್ಲ. ಆದರೂ ಸಾಮಾನಿನ ಪಟ್ಟಿ, 'ಇವು ಮಾರಾಟಕ್ಕಲ್ಲ' ಎಂಬ ಒಂದು ಪತ್ರ, ವರ್ಗದ ಆದೇಶದ ಪ್ರತಿ ಚಾಲಕನ ಕೈಗೆ ಕೊಟ್ಟೆವು. ಕಾರು, ಸ್ಕೂಟರ್ ಎರಡಕ್ಕೂ ಕೆಎ-30 ಸಂಖ್ಯೆ. ರಾಜ್ಯದೊಳಗೇ ಇರುವುದರಿಂದ ತೆರಿಗೆ ಇಲ್ಲ, ಸಂಖ್ಯೆ ಬದಲಿಲ್ಲ, ಆರ್‌ಸಿಯಲ್ಲಿ ವಿಳಾಸ ಬದಲಿಸಿದರೆ ಸಾಕು. ಇದೇ ಪಕ್ಕದ ಗೋವಾಕ್ಕೆ ಹೋಗಿದ್ದರೆ ಎನ್‌ಒಸಿ, ಹೊಸ ನೋಂದಣಿ, ಮತ್ತೆ ತೆರಿಗೆ. ದೂರದ ಕಲಬುರಗಿಗಿಂತ ಹತ್ತಿರದ ಮಡಗಾಂವ್ ದುಬಾರಿ. ಗ್ಯಾಸ್ ಸಿಲಿಂಡರ್ ಲಾರಿಯಲ್ಲಿ ಹಾಕುವಂತಿಲ್ಲ. ಏಜೆನ್ಸಿಗೆ ವಾಪಸ್ ಕೊಟ್ಟು ವೋಚರ್ ತಗೊಳ್ಳಬೇಕು. ಹಳೆ ಡಿಪಾಸಿಟ್ ಎಷ್ಟಿತ್ತೋ ಅಷ್ಟೇ ವಾಪಸ್, ಹೊಸ ಊರಿನಲ್ಲಿ ಇವತ್ತಿನ ದರ, ಸಿಲಿಂಡರಿಗೆ 2,200. ಕರೆಂಟು ಕಾರವಾರದಲ್ಲಿ ಹೆಸ್ಕಾಂ, ಕಲಬುರಗಿಯಲ್ಲಿ ಜೆಸ್ಕಾಂ. ಹಳೆ ಮನೆಯ ಗೃಹಜ್ಯೋತಿ ಡಿ-ಲಿಂಕ್ ಮಾಡಿದ ಮೇಲಷ್ಟೇ ಹೊಸ ಮನೆಗೆ ಅರ್ಜಿ. ಬಿಡುವ ದಿನ ಮೀಟರಿನ ಫೋಟೊ ತೆಗೆದಿಡಿ.

ಗಾಡಿ 28ರ ಸಂಜೆ ನಾಲ್ಕಕ್ಕೆ ಹೊರಟು ಮರುದಿನ ಸಂಜೆ ತಲುಪಿತು. ಮನೆಯವರು ಕಾರಿನಲ್ಲಿ ಹೋದರು, ಪೆಟ್ರೋಲು, ಊಟ ಸೇರಿ 4,700. ಇಳಿಸುವ ಹುಡುಗರಿಗೆ 1,500 ಕೈಗೆ ಕೊಡಬೇಕಾಯಿತು, 'ಇಷ್ಟು ಕಾಯಿ ಯಾಕ್ರೀ ಅವ್ವಾ, ಗುಡಿ ಕಟ್ತೀರೇನು?' ಎಂಬ ಮಾತಿನ ಜೊತೆ. ಹಾಸಿಗೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿದ್ದರಿಂದ ಒಳಗೆ ಕೂತ ಕರಾವಳಿಯ ತೇವ ಎರಡೇ ದಿನದಲ್ಲಿ ಬೂಸ್ಟು ಹಿಡಿಸಿತ್ತು. ಬಿಸಿಲಿನ ಊರು, ತಾರಸಿಯಲ್ಲಿ ಒಂದು ದಿನ ಹಾಕಿದರು, ಸರಿಹೋಯಿತು. ಕೂಲರ್ 9,500, ಬೋರಿನ ಗಡಸು ನೀರಿಗೆ ಫಿಲ್ಟರ್ 12,000, ಗ್ಯಾಸು, ಬಕೆಟ್, ಮೊದಲ ವಾರದ ಹೋಟೆಲ್ ಊಟ 5,320. ಕೂಲರು, ಫಿಲ್ಟರು ನಮ್ಮ ಅಂದಾಜಿನಲ್ಲಿ ಇರಲೇ ಇಲ್ಲ. ಕಾರವಾರದಲ್ಲಿ ಕೂತು ಯಾರಿಗೆ ಕೂಲರ್ ನೆನಪಾಗುತ್ತದೆ?

ಜೂನ್ ಮೊದಲ ವಾರಕ್ಕೆ ಕೈಯಿಂದ ಹೋದದ್ದು ಒಟ್ಟು 1,93,500. ಅದರಲ್ಲಿ ಹೊಸ ಡಿಪಾಸಿಟ್ 50,000 ಇನ್ನೂ ನಮ್ಮದೇ ಹಣ. ಶಾಲೆಯ 38,000, ಜೂನ್ ಬಾಡಿಗೆ 11,000 ಸಾಗಾಣಿಕೆಯ ಖರ್ಚಲ್ಲ. ಕಂಪನಿಯ 40,000 ಕಳೆದರೆ ಉಳಿಯುವುದು 54,500. ಕಾರವಾರದ ಡಿಪಾಸಿಟ್ ಜುಲೈನಲ್ಲಿ ಬಂತು, 40,000ದ ಬದಲು 29,000. ನೋಟಿಸಿನ ಬಾಡಿಗೆ 4,500, ಬಣ್ಣಕ್ಕೆಂದು 6,500 ಹಿಡಿದಿದ್ದರು. ಕಾರವಾರದ ಗೋಡೆಗೆ ಬೂಸ್ಟು ಹಿಡಿಸಿದ್ದು ಬಾಡಿಗೆದಾರರಾ, ಸಮುದ್ರವಾ? ಒಂಬತ್ತು ವರ್ಷದ ಹಿಂದೆ ಫೋಟೊ ತೆಗೆದಿಟ್ಟಿರಲಿಲ್ಲ, ಸುಮ್ನೆ ಆದರು. ಹಾಗೆ ಹಿಡಿದ 11,000 ಸೇರಿಸಿ, ಸಾಮಾನು ಮಾರಿದ 11,300 ಕಳೆದು, ಬಳೆಯ ಮೇಲಿನ ಮೂರು ತಿಂಗಳ ಬಡ್ಡಿ 1,800 ಸೇರಿಸಿದರೆ 56,000.

ಕಂಪನಿಯ ಹಣ ಬಂದದ್ದು ಆಗಸ್ಟಿನಲ್ಲಿ. ಬಿಲ್ಲಿನಲ್ಲಿ ಅಕ್ಕನ ಹೆಸರಿತ್ತು, ಭಾವನದು ಇರಲಿಲ್ಲ, ಅದಕ್ಕೊಮ್ಮೆ ವಾಪಸ್ ಬಂದಿತ್ತು. ಆ ತಿಂಗಳ ಕೊನೆಗೆ ಬಳೆ ಬಿಡಿಸಿದರು. ಈಗ ಯಾರಾದರೂ ಮನೆ ಸಾಗಿಸುವ ಲೆಕ್ಕ ಕೇಳಿದರೆ ನಾನು ವಹಿಯಲ್ಲಿ ಮೊದಲು ಎಳೆಯುವುದು ತಾರೀಕಿನ ಕಾಲಮ್ಮು. ಮೊತ್ತದ ಕಾಲಮ್ಮು ಆಮೇಲೆ.

ಅಜ್ಜಿಯ ಸಾಗುವಾನಿ ಮೇಜು ಒಂದು ಕಥೆ. ನಲವತ್ತು ಮಳೆಗಾಲ ಕಂಡ ಮೇಜು. ಗೀರೂ ಇಲ್ಲದೆ ತಲುಪಿತ್ತು. ಮಾರ್ಚ್ ಬಂದು ಒಣ ಗಾಳಿ ಬೀಸತೊಡಗಿದ ಮೇಲೆ ಮಧ್ಯದ ಎರಡು ಹಲಗೆಗಳ ನಡುವೆ ಬೆರಳು ಹೋಗುವಷ್ಟು ಸಂದು ಬಿಟ್ಟಿದೆ. ಅಲ್ಲಿಯ ಬಡಗಿ 1,200 ಕೇಳಿದ್ದಾನೆ. ಜೂನ್ ಬರಲಿ, ಮಳೆ ಬಿದ್ದರೆ ತಾನಾಗಿ ಕೂಡಿಕೊಳ್ಳುತ್ತದೆ ಎನ್ನುತ್ತಾರೆ ಅಜ್ಜಿ. ಆ 1,200 ಇನ್ನೂ ವಹಿಗೆ ಏರಿಲ್ಲ.